ಹೊಟ್ಟೆ ಸರಿ ಇಲ್ಲ

ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ಸಂಜೆ, ವಾಮದಪದವಿನಿಂದ ಸ್ವಲ್ಪ ಒಳಗಿರುವ ಗೆಳತಿಯ ಮನೆಗೆ ಹೋಗಿದ್ದೆ. ನಾವಿಬ್ಬರೂ ಒಂದೇ ಹೈಸ್ಕೂಲಿನಲ್ಲಿ ಓದಿದವರು. ಆಮೇಲೆ ಅವಳು ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು, ನಾನು ಸಂಶೋಧನೆ ಎಂದು ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲಿ ಉಳಿದುಕೊಂಡೆ. ಹತ್ತು ವರ್ಷಕ್ಕೂ ಮೀರಿದ ಸ್ನೇಹದಲ್ಲಿ ನಾನು ಅವಳ ಮನೆಗೆ ಹೋದದ್ದು ಅದೇ ಮೊದಲು. ಯಾಕೆ ಹಾಗೆ ಎಂದು ಅಲ್ಲಿಯವರೆಗೆ ನಾನು ಕೇಳಿಕೊಂಡೇ ಇರಲಿಲ್ಲ. ಅವಳದು ದಲಿತ ಕುಟುಂಬ. ನನ್ನದು, ಯಾರು ಜಗಲಿಯವರೆಗೆ, ಯಾರು ಚಾವಡಿಯವರೆಗೆ, ಯಾರು ಅಡುಗೆಮನೆಯವರೆಗೆ ಎಂದು ಎರಡು ತಲೆಮಾರಿನ ಹಿಂದೆ ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಿದ್ದ ಕುಟುಂಬ.

ಗೆಳತಿಯ ಅಜ್ಜಿ ಒಂದು ತಟ್ಟೆಯಲ್ಲಿ ಬಿಸ್ಕೆಟ್, ಇನ್ನೊಂದರಲ್ಲಿ ಆಗಷ್ಟೇ ಎಣ್ಣೆಯಿಂದ ತೆಗೆದ ಗೋಳಿಬಜೆ ತಂದಿಟ್ಟರು. ನಾನು ಬರುತ್ತೇನೆಂದು ಮೈದಾ ತರಿಸಿ ಮಾಡಿದ್ದಂತೆ. ನಾನು ಕೈ ಅಡ್ಡ ಹಿಡಿದು, "ಬೇಡ ಅಜ್ಜಿ, ಹೊಟ್ಟೆ ಸರಿ ಇಲ್ಲ" ಅಂದೆ.

ಅಜ್ಜಿ ಒತ್ತಾಯ ಮಾಡಲಿಲ್ಲ. ನಮ್ಮ ಕಡೆಯ ಅಜ್ಜಿಯಂದಿರು ಒತ್ತಾಯ ಮಾಡದೆ ಇರುವುದಿಲ್ಲ. "ಎಂತ ಮಾರಾಯ್ತಿ, ಒಂದಾದ್ರೂ ತಿನ್ನು" ಎಂಬ ಮಾತು ಅವರ ಬಾಯಿಂದ ತಾನಾಗಿ ಬರುತ್ತದೆ. ಇವರು ಮಾತ್ರ ಸುಮ್ಮನೆ ತಲೆಯಾಡಿಸಿ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದರು. ಆಶ್ಚರ್ಯವಿಲ್ಲದ, ಬೇಸರವೂ ಇಲ್ಲದ ಮುಖ. ಇದು ಮೊದಲೇ ಗೊತ್ತಿತ್ತು ಎನ್ನುವಂಥ ಮುಖ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಹೊಳೆಯಿತು. "ಹೊಟ್ಟೆ ಸರಿ ಇಲ್ಲ" ಎನ್ನುವ ಮಾತನ್ನು ಅವರು ಎಪ್ಪತ್ತು ವರ್ಷಗಳಿಂದ ಕೇಳುತ್ತಾ ಬಂದಿದ್ದಾರೆ. ಜಾತಿಯ ಕಾರಣಕ್ಕೆ ಆ ಮನೆಯಲ್ಲಿ ಏನನ್ನೂ ಮುಟ್ಟದವರು, ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾದ ಕಾಲದಲ್ಲಿ ಕಂಡುಕೊಂಡ ಸಭ್ಯ ಸುಳ್ಳು ಅದು. ಈಗಷ್ಟೇ ಊಟ ಆಯಿತು, ಇವತ್ತು ಉಪವಾಸ, ಹೊಟ್ಟೆ ಸರಿ ಇಲ್ಲ.

ನಾನು ಹೇಳಿದ್ದು ನಿಜ. ಆದರೆ ಆ ನಿಜಕ್ಕೂ ಅವರೆಲ್ಲರ ಸುಳ್ಳಿಗೂ ಒಂದೇ ಒಂದು ಅಕ್ಷರದ ವ್ಯತ್ಯಾಸವಿರಲಿಲ್ಲ.

*

ನನಗಿರುವುದು ಸೀಲಿಯಾಕ್ ಎಂಬ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣಕರುಳಿನ ಒಳಪದರದ ಮೇಲೆ ತಿರುಗಿಬೀಳುತ್ತದೆ. ಆಹಾರದ ಸತ್ವವನ್ನು ಹೀರಿಕೊಳ್ಳುವ, ಬೆರಳಿನಂಥ ಸಣ್ಣ ಚಾಚುಗಳು ಅಲ್ಲಿ ಚಪ್ಪಟೆಯಾಗುತ್ತವೆ. ನನಗೆ ವರ್ಷಗಟ್ಟಲೆ ರಕ್ತಹೀನತೆ ಇತ್ತು, ಕಬ್ಬಿಣದ ಮಾತ್ರೆ ನುಂಗಿದ್ದೇ ನುಂಗಿದ್ದು. ಕೊನೆಗೆ ಒಬ್ಬ ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡಿದ ಮೇಲೆ ಹೆಸರು ಸಿಕ್ಕಿತು. ಇದಕ್ಕೆ ಔಷಧಿ ಇಲ್ಲ. ಬದುಕಿರುವವರೆಗೆ ಗ್ಲುಟೆನ್ ಬಿಡುವುದೊಂದೇ ದಾರಿ.

ಈ ಕಾಯಿಲೆಗೂ ಗೋಧಿಗೂ ಇರುವ ಸಂಬಂಧ ಗಟ್ಟಿಯಾಗಿ ತಿಳಿದು ಇನ್ನೂ ನೂರು ವರ್ಷವಾಗಿಲ್ಲ. ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆಗೆ ಗೋಧಿಯ ಮೇಲೆ ಮೊದಲೇ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಆ ದೇಶದಲ್ಲಿ ಬ್ರೆಡ್ಡು ಸಿಗದೆ ಜನ ಟ್ಯೂಲಿಪ್ ಗೆಡ್ಡೆ ತಿನ್ನುವ ಸ್ಥಿತಿ ಬಂದಾಗ, ಊರೆಲ್ಲ ಸೊರಗುತ್ತಿದ್ದರೂ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡದ್ದು ಕಂಡಿತು. 1950ರಲ್ಲಿ ಅವನ ಪ್ರಬಂಧ ಬಂತು. ಅದಕ್ಕೂ ಹಿಂದೆ ನನ್ನಂಥವರು ಬೇಡ ಎಂದಿದ್ದರೆ, ಬೇಡ ಯಾಕೆ ಎನ್ನುವುದು ಅವರಿಗೇ ಗೊತ್ತಿರುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಮೊದಲು ಎಲ್ಲರೂ ನಕ್ಕರು. "ನಮ್ಮಲ್ಲಿ ಗೋಧಿ ತಿನ್ನುವವರು ಯಾರು? ನಿನಗೆಂತ ಕಷ್ಟ?" ಎಂದರು. ಮಾತು ಮುಕ್ಕಾಲು ನಿಜ. ಕುಚ್ಚಲಕ್ಕಿ ಗಂಜಿ, ನೀರುದೋಸೆ, ಪುಂಡಿ, ಮೂಡೆ, ಪತ್ರೊಡೆ, ಒತ್ತುಶ್ಯಾವಿಗೆ, ಕೋರಿರೊಟ್ಟಿ, ಇವು ಯಾವುದರಲ್ಲೂ ಗೋಧಿ ಇಲ್ಲ. ಪೇಟೆಯ ಅಂಗಡಿಯಲ್ಲಿ 'ಗ್ಲುಟೆನ್ ಫ್ರೀ' ಎಂದು ಬರೆದು ಮೂರು ಪಟ್ಟು ಬೆಲೆಗೆ ಮಾರುವುದನ್ನು ತುಳುನಾಡು ಹೆಸರಿಡದೆ ಉಂಡುಕೊಂಡು ಬಂದಿದೆ. ಕಷ್ಟವಿದ್ದದ್ದು ಉಳಿದ ಕಾಲು ಭಾಗದಲ್ಲಿ. ಅಂಗಡಿಯ ಇಂಗು ಬರೀ ಇಂಗಲ್ಲ. ಅದಕ್ಕೆ ಗೋಂದು, ಹಿಟ್ಟು ಬೆರೆಸಿರುತ್ತಾರೆ, ಆ ಹಿಟ್ಟು ಅನೇಕ ಸಲ ಗೋಧಿಯದು. ಹಾಗಾಗಿ ಒಗ್ಗರಣೆ ಬಿದ್ದ ಸಾರು ಕೂಡ ಅನುಮಾನದ್ದೇ. ಚಪಾತಿ ಕಾಯಿಸಿದ ಕಾವಲಿಯಲ್ಲಿ ಎರೆದ ನೀರುದೋಸೆ ಆಗದು. ಗೋಧಿ ಬೀಸಿದ ಗಿರಣಿಯಲ್ಲಿ ಬೀಸಿದ ಅಕ್ಕಿಹಿಟ್ಟು ಆಗದು.

ಎಲ್ಲಕ್ಕಿಂತ ಕಷ್ಟ ಚಹಾದ ಹೊತ್ತು. ನಮ್ಮಲ್ಲಿ ಹಿಂದೆ ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡುತ್ತಿದ್ದರು. ಅದರಿಂದ ಯಾವ ಕರುಳಿಗೂ ತೊಂದರೆಯಿಲ್ಲ. ಈಗ ಆ ಜಾಗಕ್ಕೆ ಬಿಸ್ಕೆಟ್ ಬಂದಿದೆ, ಬೇಕರಿಯ ಪಫ್ಸ್ ಬಂದಿದೆ, ಬನ್ಸ್ ಬಂದಿದೆ. ಮದುವೆ ಊಟದ ಗದ್ದಲದಲ್ಲಿ ಯಾರು ಏನು ಬಿಟ್ಟರೆಂದು ಯಾರೂ ನೋಡುವುದಿಲ್ಲ. ಚಹಾದ ಜೊತೆ ಇಟ್ಟ ತಟ್ಟೆ ಹಾಗಲ್ಲ. ಅದರ ಆಚೆ ಒಬ್ಬರು, ಈಚೆ ಒಬ್ಬರು. ಕೈ ಚಾಚಿತೋ ಇಲ್ಲವೋ ಎನ್ನುವುದು ಇಬ್ಬರಿಗೂ ಕಾಣುತ್ತದೆ.

*

ಅಂದು ರಾತ್ರಿ ನನ್ನನ್ನು ಕಾಡಿದ ಪ್ರಶ್ನೆ ಇದು: ನನ್ನ ಕಾರಣ ನಿಜವಾಗಿದ್ದರೆ ಅಷ್ಟು ಸಾಕೇ? ಅಜ್ಜಿ ತಪ್ಪು ತಿಳಿದುಕೊಂಡಿದ್ದರೆ ಅದು ಅವರ ತಪ್ಪೆಂದು ಬಿಟ್ಟುಬಿಡಬಹುದೇ?

ನೀತಿಯ ಬಗ್ಗೆ ಯೋಚಿಸುವಾಗ ನಾವು ಹೆಚ್ಚಾಗಿ ಉದ್ದೇಶವನ್ನು ನೋಡುತ್ತೇವೆ. ಮನಸ್ಸು ಶುದ್ಧವಿದ್ದರೆ ಕೆಲಸವೂ ಶುದ್ಧ ಎನ್ನುತ್ತೇವೆ. ಆದರೆ ತಟ್ಟೆಯನ್ನು ತಿರಸ್ಕರಿಸುವುದು ಮಾತಿನಂಥ ಒಂದು ಕ್ರಿಯೆ, ಅದಕ್ಕೆ ಅರ್ಥವಿದೆ. ಕಾರಣ ನನ್ನೊಬ್ಬಳದು; ಅರ್ಥ ನನ್ನೊಬ್ಬಳದಲ್ಲ. ಒಂದು ಶಬ್ದದ ಅರ್ಥವನ್ನು ಅದನ್ನು ಹಿಂದೆ ಬಳಸಿದವರೆಲ್ಲ ಸೇರಿ ಮಾಡಿರುವ ಹಾಗೆ, ನಮ್ಮೂರಿನಲ್ಲಿ ಒಂದು ಮನೆಯ ತಿಂಡಿಯನ್ನು ಬೇಡ ಎನ್ನುವುದರ ಅರ್ಥವನ್ನು ನನಗಿಂತ ಮುಂಚೆ ಬೇಡ ಎಂದವರು ಮಾಡಿಟ್ಟಿದ್ದಾರೆ. ಆ ಬೇಡ ಎಂದವರಲ್ಲಿ ನನ್ನ ಮನೆಯವರೂ ಇದ್ದರು. ನನ್ನ ಅಜ್ಜಿ ಕೆಲಸದವರಿಗೆ ನೀರು ಕೊಡಲು ತೆಂಗಿನ ಗೆರಟೆಯನ್ನು ಹೊರಗೆ ಬೇಲಿಗೆ ಸಿಕ್ಕಿಸಿಡುತ್ತಿದ್ದರೆಂದು ಅಮ್ಮ ಹೇಳಿದ್ದುಂಟು. ಆ ಗೆರಟೆ ನನ್ನ ಕಣ್ಣಿಗೆ ಬಿದ್ದಿಲ್ಲ, ಗೆಳತಿಯ ಅಜ್ಜಿ ಮಾತ್ರ ಅಂಥದ್ದರಲ್ಲಿ ಕುಡಿದವರು.

ಹಾಗಾದರೆ ನಿಜ ಹೇಳುವವಳಿಗೂ ಸುಳ್ಳು ಹೇಳುವವರಿಗೂ ಮಾತಿನಲ್ಲಿ ವ್ಯತ್ಯಾಸ ಸಿಗದಿದ್ದರೆ ಇನ್ನೆಲ್ಲಿ ಸಿಗಬೇಕು?

ಒಂದು ಸುಳಿವು ಸಿಕ್ಕಿದ್ದು ನಮ್ಮ ಜೈನ ನೆರೆಹೊರೆಯಿಂದ. ಮೂಡುಬಿದಿರೆ, ವೇಣೂರಿನ ಕಡೆ ಬೆಳೆದವರಿಗೆ ಗೊತ್ತಿರುತ್ತದೆ. ನೇಮ ಹಿಡಿದ ಜೈನರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ, ನೆಲದಡಿಯ ಗೆಡ್ಡೆ ತಿನ್ನುವುದಿಲ್ಲ. ಅವರು ಬೇಡ ಎಂದಾಗ ಯಾರಿಗೂ ನೋವಾಗುವುದಿಲ್ಲ. ಯಾಕೆಂದರೆ ಆ ನೇಮ ಮೊದಲು ಬೇಡ ಎನ್ನುವುದು ಅವರದೇ ಅಡುಗೆಮನೆಯಲ್ಲಿ. ನನ್ನ ಕಾಯಿಲೆಯೂ ಹಾಗೆಯೇ. ನನ್ನ ತಾಯಿ ಮಾಡಿದ ಚಪಾತಿಯನ್ನೂ ಅದು ಬೇಡ ಎನ್ನುತ್ತದೆ, ಯಾವ ಮನೆ ಎಂದು ಕೇಳುವುದಿಲ್ಲ. ಜಾತಿಯ ಮಡಿ ಮಾತ್ರ ತನ್ನ ಮನೆಯಲ್ಲಿ ಅದೇ ಅಕ್ಕಿ, ಅದೇ ಬೆಲ್ಲ, ಅದೇ ತೆಂಗಿನಕಾಯಿಯನ್ನು ತಿಂದು, ಅವೇ ಇನ್ನೊಂದು ಮನೆಯಲ್ಲಿ ಸೇರಿದಾಗ ಬೇಡ ಎನ್ನುತ್ತದೆ. ದೇಹ ಕೇಳುವುದು ಇದರಲ್ಲಿ ಏನಿದೆ ಎಂದು. ಮಡಿ ಕೇಳುವುದು ಇದನ್ನು ಯಾರು ಮುಟ್ಟಿದರು ಎಂದು.

ವ್ಯತ್ಯಾಸ ನನಗೆ ಸ್ಪಷ್ಟವಾಯಿತು. ಅಜ್ಜಿಗೆ ಅದು ಕಾಣುವುದು ಹೇಗೆ?

*

ನನಗೆ ತೋಚಿದ್ದು ಕುಕೀಸ್. ಹಾಸ್ಟೆಲಿನಿಂದ ಊರಿಗೆ ಬಂದಾಗಲೆಲ್ಲ ಪ್ರಯೋಗ ಮಾಡಿದೆ. ಅಜ್ಜಿಗೆ ಹಲ್ಲು ಕಡಿಮೆ, ಗಟ್ಟಿ ಬಿಸ್ಕೆಟ್ ಆಗದು. ಮೆತ್ತಗೆ, ಸ್ವಲ್ಪ ಜಿಗಿಯಾಗಿ, ಜಗಿದರೆ ಬಾಯಲ್ಲಿ ನಿಲ್ಲುವ ಹಾಗಿರಬೇಕು. ಅಕ್ಕಿಗೆ ಒಗ್ಗದ ಗುಣವೆಂದರೆ ಇದೇ. ಚಕ್ಕುಲಿಯನ್ನು ನೆನೆದುಕೊಳ್ಳಿ, ಅಕ್ಕಿಹಿಟ್ಟಿಗೆ ಗರಿಗರಿ ಬರುತ್ತದೆ, ಇಲ್ಲವಾದರೆ ಪುಡಿಪುಡಿ. ಗೋಧಿಹಿಟ್ಟಿಗೆ ನೀರು ಬಿದ್ದರೆ ಗ್ಲಯಾಡಿನ್, ಗ್ಲುಟೆನಿನ್ ಎಂಬ ಪ್ರೋಟೀನುಗಳು ಸೇರಿ ಬಲೆ ಹೆಣೆಯುತ್ತವೆ, ಹಿಟ್ಟು ಎಳೆದರೆ ಬರುತ್ತದೆ, ಬಿಟ್ಟರೆ ಹಿಂದೆ ಹೋಗುತ್ತದೆ. ಗ್ಲುಟೆನ್ ಎಂಬುದು ಲ್ಯಾಟಿನ್ ಶಬ್ದ, ಅರ್ಥ ಅಂಟು. ನಮ್ಮ ಭಾಷೆಯಲ್ಲಿ ಅಂಟು ಎಂದರೆ ಗೋಂದು ಮಾತ್ರವಲ್ಲ, ತಗಲುವ ರೋಗವೂ ಹೌದು. ಮುಟ್ಟಿದರೆ ಮೈಲಿಗೆ ಎನ್ನುವ ಆಚಾರಕ್ಕೂ ಅಂಟುಮುಟ್ಟು ಎಂದೇ ಹೆಸರು. ಅಂಟಿಲ್ಲದ ಕುಕೀಸ್ ಮಾಡಲು ಹೊರಟವಳಿಗೆ ಇದು ತಮಾಷೆಯಾಗಿಯೂ ಕಂಡಿತು, ಸ್ವಲ್ಪ ಭಯವೂ ಆಯಿತು.

ಮೊದಲ ಸಲ ಮಾಡಿದ್ದು ಕಲ್ಲಾಯಿತು. ಎರಡನೆಯದು ಕೈಯಲ್ಲಿ ಹಿಡಿದರೆ ಮರಳು. ಆರೇಳು ಸಲದ ನಂತರ ಲೆಕ್ಕ ಸಿಕ್ಕಿತು. ಬೆಳ್ತಿಗೆ ಅಕ್ಕಿಯನ್ನು ತೊಳೆದು, ಬಟ್ಟೆಯ ಮೇಲೆ ನೆರಳಲ್ಲಿ ಆರಿಸಿ, ಮನೆಯಲ್ಲೇ ಪುಡಿ ಮಾಡಿ ಜರಡಿ ಹಿಡಿದ ಹಿಟ್ಟು 120 ಗ್ರಾಂ. ಗೇರುಬೀಜದ ಪುಡಿ 60 ಗ್ರಾಂ. ಕರಗಿಸಿದ ಬೆಣ್ಣೆ 90 ಗ್ರಾಂ, ಪುಡಿಮಾಡಿದ ಬೆಲ್ಲ 100 ಗ್ರಾಂ, ಒಂದು ಮೊಟ್ಟೆ, ಒಂದು ಚಿಕ್ಕ ಚಮಚ ಇಸಬಗೋಲು, ಕಾಲು ಚಮಚ ಸೋಡ, ಚಿಟಿಕೆ ಉಪ್ಪು. ಇಸಬಗೋಲು ನೀರು ಕುಡಿದು ಲೋಳೆಯಾಗಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಬೆಲ್ಲ ತೇವವನ್ನು ಬಿಟ್ಟುಕೊಡುವುದಿಲ್ಲ, ಜಿಗಿ ಬರುವುದು ಹೆಚ್ಚಾಗಿ ಅದರಿಂದಲೇ. ಕಲಸಿದ ಹಿಟ್ಟನ್ನು ಅರ್ಧ ಗಂಟೆಯಾದರೂ ಬಿಡಬೇಕು, ಇಲ್ಲದಿದ್ದರೆ ಅಕ್ಕಿಯ ತರಿ ನೆನೆಯದೆ ಹಲ್ಲಿಗೆ ಸಿಗುತ್ತದೆ. ಮುಖ್ಯ ಸಂಗತಿ, ನಡುಭಾಗ ಇನ್ನೂ ಹಸಿಯಾಗಿ ಕಾಣುವಾಗಲೇ ಹೊರಗೆ ತೆಗೆಯಬೇಕು. ಬೆಂದಿದೆ ಎಂದು ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಆರುತ್ತಾ ಅದು ತಾನೇ ಗಟ್ಟಿಯಾಗುತ್ತದೆ.

ಒಂದು ಡಬ್ಬಿ ತುಂಬಿಸಿಕೊಂಡು ಹೋದೆ. ನನ್ನ ಕಾಯಿಲೆಯ ಕತೆಯನ್ನೂ ಅಜ್ಜಿಗೆ ತುಳುವಿನಲ್ಲಿ ವಿವರವಾಗಿ ಹೇಳಿದೆ. ಅವರು ಕೇಳಿದರು, ಕುಕೀಸನ್ನು ತಿಂದು "ಲಾಯ್ಕಿದೆ" ಅಂದರು. ನಾನು ಗೆದ್ದೆ ಎಂದುಕೊಂಡೆ. ಬಸ್ಸಿಗೆ ಬಿಡಲು ಬಂದ ಗೆಳತಿ ದಾರಿಯಲ್ಲಿ ಹೇಳಿದಳು: "ನೀನು ತಂದದ್ದನ್ನು ನಾವು ತಿಂದೆವು. ಅದು ಹೊಸತೆಂತದು? ಮೊದಲಿಂದ ಇದ್ದದ್ದೇ ಅಲ್ವಾ?"

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದ್ದರಿಂದ ಅದು ಹೆಚ್ಚು ತಾಗಿತು.

*

ಅವಳು ಹೇಳಿದ್ದು ಸರಿ. ಜಾತಿಯು ಕೊಡುವುದನ್ನು ಯಾವತ್ತೂ ತಡೆದಿಲ್ಲ. ಮೇಲಿನವರು ಕೆಳಗಿನವರಿಗೆ ಅನ್ನ ಕೊಡುವುದನ್ನು ಅದು ಪುಣ್ಯವೆಂದು ಹೊಗಳಿದೆ. ಅದು ತಡೆದದ್ದು ತೆಗೆದುಕೊಳ್ಳುವುದನ್ನು. ಕೊಡುವ ಕೈ ಎಷ್ಟು ಕ್ರೂರವಾಗಬಹುದು ಎಂಬುದಕ್ಕೂ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಕೊರಗ ಸಮುದಾಯದವರಿಗೆ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊಟ್ಟು ಉಣ್ಣಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರ್ಕಾರ ಕಾನೂನು ಮಾಡಬೇಕಾಗಿ ಬಂದದ್ದು 2000ದಲ್ಲಿ. ಆಗ ನಾನು ಹುಟ್ಟಿಯಾಗಿತ್ತು. ಅನ್ನ ಕೊಟ್ಟರು ಎನ್ನುವ ಮಾತ್ರಕ್ಕೆ ಪ್ರೀತಿ ಎನ್ನಲು ಬರುವುದಿಲ್ಲ.

ನಾನು ಡಬ್ಬಿ ಹಿಡಿದು ಹೋದಾಗ ಹಳೆಯ ದಿಕ್ಕಿನಲ್ಲೇ ನಡೆದಿದ್ದೆ. ನನ್ನ ಅಡುಗೆಮನೆಯಿಂದ ಅವರ ಬಾಯಿಗೆ. ತಿರುಗಿ ಬರುವ ದಾರಿ ಇನ್ನೂ ಮುಚ್ಚಿಯೇ ಇತ್ತು. ಸುಳ್ಳು ಹೇಳುವವರಿಗೂ ನಿಜ ಹೇಳುವವರಿಗೂ ಇರುವ ವ್ಯತ್ಯಾಸ ನನಗೆ ಆಗ ಹೊಳೆಯಿತು. ಹೊಟ್ಟೆ ಸರಿ ಇಲ್ಲ ಎಂದು ಸುಳ್ಳು ಹೇಳಿದವರಿಗೆ ಆ ಮಾತಿನೊಂದಿಗೆ ವಿಷಯ ಮುಗಿಯಬೇಕಿತ್ತು. ನಿಜವಾಗಿ ತಿನ್ನಬೇಕೆಂದಿರುವವಳಿಗೆ ವಿಷಯ ಅಲ್ಲಿಂದ ಶುರುವಾಗಬೇಕು. ಇದು ಆಗದು, ಹಾಗಾದರೆ ಈ ಮನೆಯಲ್ಲಿ ನನಗೆ ಆಗುವುದು ಏನು ಎಂದು ಕೇಳಬೇಕು. ಅದನ್ನು ಕೇಳಲು ಅಡುಗೆಮನೆಗೆ ಹೋಗಬೇಕು. ನಾನು ಆವತ್ತು ಹೋಗಿರಲಿಲ್ಲ.

ಮುಂದಿನ ಭಾನುವಾರ ಅವರ ಮನೆಯಲ್ಲೇ ಮಾಡೋಣ ಎಂದೆ. ಅವರಲ್ಲಿ ಓವನ್ ಇರಲಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಒಂದು ಇಂಚು ಕಲ್ಲುಪ್ಪು ಹರಡಿ, ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿದರೆ ಅದೇ ಓವನ್. ಅಕ್ಕಿ ಅವರದು, ಗೇರುಬೀಜ ಅವರ ಮನೆಯ ಹಿಂದಿನ ಮರದ್ದು.

ಆದರೆ ಆ ಅಡುಗೆಮನೆಯಲ್ಲಿ ನಿಂತಾಗ ನಾನು ಎಣಿಸದ ಕಷ್ಟ ಎದುರಾಯಿತು. ನಾನು ಪ್ರಶ್ನೆ ಕೇಳಲೇಬೇಕಿತ್ತು. ಈ ಮಿಕ್ಸಿಯಲ್ಲಿ ಗೋಧಿ ಹಾಕಿದ್ದೀರಾ? ಈ ಜರಡಿ ಯಾವುದಕ್ಕೆ ಬಳಸುವುದು? ಪಾತ್ರೆ ಇನ್ನೊಮ್ಮೆ ತೊಳೆಯಬಹುದಾ? ಒಂದೊಂದು ಪ್ರಶ್ನೆಯೂ ನನ್ನ ಅಜ್ಜಿಯ ಬಾಯಿಂದ ಬಂದಂತೆ ಕೇಳಿಸಿತು. ಪಾತ್ರೆ ಬೇರೆ, ಸೌಟು ಬೇರೆ, ತೊಳೆದದ್ದನ್ನೇ ಮತ್ತೆ ತೊಳೆಯುವುದು. ಹೊರಗಿನಿಂದ ನೋಡಿದರೆ ನಾನು ಮಾಡುತ್ತಿದ್ದದ್ದು ಅಪ್ಪಟ ಮಡಿಯೇ.

ಗೆಳತಿಯ ಅಮ್ಮ ಮಿಕ್ಸಿಯ ಜಾರನ್ನು ಸೋಪು ಹಾಕಿ ತಿಕ್ಕುತ್ತಾ, "ತೊಳೆದರೆ ಹೋಗ್ತದಾ ಅದು?" ಎಂದು ಕೇಳಿದರು.

"ಹೋಗ್ತದೆ ಅಮ್ಮ. ಚೆನ್ನಾಗಿ ತೊಳೆದರೆ ಸಾಕು" ಅಂದೆ.

ಹೇಳಿದ ಮೇಲೆ ಆ ಉತ್ತರದ ಬಗ್ಗೆ ತುಂಬ ದಿನ ಯೋಚಿಸಿದೆ. ಗ್ಲುಟೆನ್ ತೊಳೆದರೆ ಹೋಗುತ್ತದೆ. ಅದಕ್ಕೆ ಅಳತೆ ಇದೆ. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರದಿದ್ದರೆ ಗ್ಲುಟೆನ್ ಇಲ್ಲದ್ದು ಎಂದು ಬರೆಯಬಹುದೆಂದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೂ ಹೇಳುತ್ತದೆ, ಅಂತರರಾಷ್ಟ್ರೀಯ ಮಾನದಂಡವೂ ಅಷ್ಟೇ. ಮೈಲಿಗೆಗೆ ಯಾವ ಅಳತೆಯಿದೆ? ಯಾವ ಸೋಪಿಗೆ ಅದು ಹೋಗುತ್ತಿತ್ತು? ಅಳೆಯಲು ಅಲ್ಲಿ ಏನೂ ಇರಲಿಲ್ಲ. ಇಲ್ಲದ್ದನ್ನು ತೊಳೆಯುವುದಾದರೂ ಹೇಗೆ? ನನ್ನ ಪ್ರಶ್ನೆಗಳಿಗೆ ಆ ಅಡುಗೆಮನೆಯಲ್ಲಿ ಉತ್ತರವಿತ್ತು, ಉತ್ತರ ಸಿಕ್ಕಿದ ಮೇಲೆ ನಾನು ತಿನ್ನಬಹುದಿತ್ತು. ಮಡಿಯ ಪ್ರಶ್ನೆಗೆ ಆ ಮನೆಯವರು ಕೊಡಬಹುದಾದ ಉತ್ತರ ಯಾವುದೂ ಇರಲಿಲ್ಲ.

*

ಇದನ್ನೆಲ್ಲ ಬರೆಯುತ್ತೇನೆ ಎಂದು ಗೆಳತಿಗೆ ಹೇಳಿದಾಗ ಅವಳು ಒಂದು ಎಚ್ಚರಿಕೆ ಕೊಟ್ಟಳು. "ಬರಿ. ಆದರೆ ನಾಲ್ಕು ಬಿಸ್ಕೆಟ್ ಸುಟ್ಟು ಜಾತಿ ಕಳೆದೆ ಅಂತ ಬರೀಬೇಡ."

ಬರೆಯುವುದಿಲ್ಲ. ಒಟ್ಟಿಗೆ ಉಣ್ಣುವುದಕ್ಕೆ ದೊಡ್ಡ ಇತಿಹಾಸವಿದೆ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಬೇರೆ ಬೇರೆ ಜಾತಿಯವರನ್ನು ಕೂರಿಸಿ ಮಿಶ್ರಭೋಜನ ಮಾಡಿಸಿದಾಗ ಅವರು ಬಹಿಷ್ಕಾರ ಎದುರಿಸಬೇಕಾಯಿತು. ಆದರೆ 1936ರ 'ಜಾತಿ ವಿನಾಶ'ದಲ್ಲಿ ಅಂಬೇಡ್ಕರ್ ಸಹಭೋಜನ ಸಾಲದು ಎಂದೇ ವಾದಿಸಿದರು. ಒಟ್ಟಿಗೆ ಉಂಡು ಎದ್ದವರು ಮಾರನೆಯ ದಿನ ತಮ್ಮ ತಮ್ಮ ಜಾತಿಗೆ ಮರಳಬಹುದು, ರಕ್ತಸಂಬಂಧ ಬೆಳೆಯದೆ ಜಾತಿ ಹೋಗದು ಎನ್ನುವುದು ಅವರ ನಿಲುವು. ನಾನು ಕೂಡ ಆ ಭಾನುವಾರ ಸಂಜೆ ನನ್ನ ಮನೆಗೇ ಮರಳಿದೆ. ಎಲ್ಲಿ ಹೋಗಿದ್ದೆ, ಏನು ತಿಂದೆ ಎಂದು ನನ್ನ ಮನೆಯಲ್ಲಿ ಎಲ್ಲರಿಗೂ ಹೇಳಿದೆನೇ? ಅಮ್ಮನಿಗೆ ಹೇಳಿದೆ. ದೊಡ್ಡಪ್ಪನಿಗೆ ಹೇಳಲು ಇನ್ನೊಂದು ತಿಂಗಳು ಹಿಡಿಯಿತು. ಆ ತಿಂಗಳಿಗೆ ನನ್ನ ಕಾಯಿಲೆಯನ್ನು ಕಾರಣ ಮಾಡಲು ಬರುವುದಿಲ್ಲ.

ಹಾಗಾಗಿ ನಾನು ಹೇಳಲು ಬಯಸುವುದು ಸಣ್ಣ ಮಾತು. ಒಳ್ಳೆಯ ಕಾರಣ ಇರುವವರು ಕಾರಣ ಹೇಳಿದ ಕೂಡಲೇ ತಮ್ಮ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಆದರೆ ಅದೇ ಕಾರಣವನ್ನು ಸುಳ್ಳಾಗಿ ಬಳಸಿದವರು ನಮಗಿಂತ ಮೊದಲು ಆ ದಾರಿಯಲ್ಲಿ ನಡೆದಿದ್ದರೆ, ನಮ್ಮ ನಿಜವನ್ನು ನಂಬಿ ಎಂದು ಕೇಳುವ ಹಕ್ಕು ನಮಗೆ ಸುಮ್ಮನೆ ಸಿಗುವುದಿಲ್ಲ. ಅಜ್ಜಿ ನನ್ನನ್ನು ಅನುಮಾನಿಸಿದ್ದು ಅನ್ಯಾಯವಲ್ಲ, ಅದು ಅವರು ಬದುಕಿನಿಂದ ಕಲಿತ ತಿಳಿವಳಿಕೆ. ಆ ತಿಳಿವಳಿಕೆ ನನ್ನ ವಿಷಯದಲ್ಲಿ ತಪ್ಪು ಎಂದು ತೋರಿಸುವ ಹೊಣೆ ನನ್ನದು, ಅವರದಲ್ಲ. ತೋರಿಸಲು ಮಾತು ಸಾಲದು, ಸುಳ್ಳು ಹೇಳುವವರು ಎಂದೂ ಮಾಡದ ಒಂದನ್ನು ಮಾಡಬೇಕು.

ಆ ಭಾನುವಾರದ ಮೊದಲ ತಟ್ಟೆ ಸ್ವಲ್ಪ ಸೀದುಹೋಯಿತು. ಉಪ್ಪಿನ ಮೇಲಿನ ಬಿಸಿ ನನ್ನ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಎರಡನೆಯದು ಸರಿಯಾಗಿ ಬಂತು. ಅಜ್ಜಿ ಒಂದನ್ನು ಮುರಿದು ಬಾಯಿಗೆ ಹಾಕಿ, ತುಂಬ ಹೊತ್ತು ಜಗಿದು, "ಇದು ಹಲ್ಲಿಗೆ ಅಂಟ್ತದೆ" ಎಂದು ದೂರಿದರು. ನನಗೆ ಬೇಕಾದದ್ದು ಅದೇ ಎಂದೆ. ಹಲ್ಲಿರುವವರಿಗೆ ಮಾಡಿದ್ದಾ ಹಾಗಾದರೆ ಎಂದರು.

ಹೋದ ಆಟಿ ತಿಂಗಳಲ್ಲಿ ಮತ್ತೆ ಹೋಗಿದ್ದೆ. ಕುಕೀಸಿನ ಡಬ್ಬಿ ಒಯ್ದಿರಲಿಲ್ಲ, ಬೇಕೆಂದೇ. ಅಜ್ಜಿ ಬಾಳೆಲೆಯ ತುಂಡಿನಲ್ಲಿ ಪತ್ರೊಡೆ ತಂದು ನನ್ನ ಮುಂದಿಟ್ಟರು. ನಾನು ಬಾಯಿ ತೆರೆಯುವ ಮೊದಲೇ, ನನ್ನತ್ತ ನೋಡದೆ, "ಇಂಗು ಹಾಕ್ಲಿಲ್ಲ. ಅಕ್ಕಿ ಮನೇಲೇ ಕಡೆದದ್ದು" ಎಂದರು. ನಾನು ಎರಡು ಸಲ ಹಾಕಿಸಿಕೊಂಡೆ. ಆಗ ಅವರು ಒತ್ತಾಯ ಮಾಡಿದರು. "ಎಂತ ಮಾರಾಯ್ತಿ, ಇನ್ನೊಂದು ತುಂಡು ತಿನ್ನು."

ಆ ಮೊದಲ ಸಂಜೆಯ ಗೋಳಿಬಜೆಯ ಬಗ್ಗೆ ಅವರು ಇವತ್ತಿಗೂ ಮಾತಾಡಿಲ್ಲ. ನಾನೂ ಕೇಳಿಲ್ಲ.